ಕೊನೆಯ ಕಾಲು ಸುತ್ತು

ಕಾರಿನ ಕೆಳಗೆ ನೀರು ನಿಂತಿದ್ದನ್ನು ಮೊದಲು ಕಂಡವನು ನಾನೇ. ಕಂಡ ಕೂಡಲೇ ನನಗೆ ಒಂದು ಚೂರು ಸಂತೋಷವೇ ಆಯಿತು. ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಿಕ್ಕಿದ್ದನ್ನು ಹೇಳಿದರೆ ಮಿಕ್ಕಿದ್ದೂ ಸುಳ್ಳಾಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಇಪ್ಪತ್ತಮೂರು ದಿನದಿಂದ ‘ಇದು ಸೋರದೆ ಇರಲ್ಲ’ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಇಪ್ಪತ್ತನಾಲ್ಕನೆಯ ಬೆಳಿಗ್ಗೆ, ಸೋಮವಾರ, ಸೋರಿತು. ಮುಂದಿನ ಚಕ್ರದ ಪಕ್ಕದಲ್ಲಿ ಅಂಗೈ ಅಗಲದಷ್ಟು ಹಸಿರು ನೀರು. ಬೆರಳಿಗೆ ಹಚ್ಚಿ ಮೂಸಿ ನೋಡಿದೆ. ಸಿಹಿ ವಾಸನೆ. ಮಳೆಯ ನೀರಲ್ಲ, ನಲ್ಲಿಯ ನೀರಲ್ಲ, ಇಂಜಿನ್ನಿನ ಹೊಟ್ಟೆಯಿಂದಲೇ ಬಂದ ನೀರು.

ನನ್ನ ಕೆಲಸ ಬಸ್ಸಿನಲ್ಲಿ ಟಿಕೆಟ್ ತಪಾಸಣೆ. ಇಪ್ಪತ್ತಾರು ವರ್ಷದಿಂದ ಇದೇ ಉದ್ಯೋಗ. ಟಿಕೆಟ್ ಇಲ್ಲದವನು ನನ್ನನ್ನು ಕಂಡ ಕೂಡಲೇ ಕಿಟಕಿಯಾಚೆಯ ಗೋಡೆಗಳನ್ನೆಲ್ಲ ಮೊದಲ ಸಲ ನೋಡುವವನ ಹಾಗೆ ನೋಡತೊಡಗುತ್ತಾನೆ. ಅಂಥ ಮುಖಗಳನ್ನು ಓದಿ ಓದಿ ನನಗೆ ಮನೆಯವರ ಮುಖವನ್ನೂ ಹಾಗೇ ಓದುವ ಚಾಳಿ ಬಿದ್ದಿದೆ. ನನ್ನ ಹೆಂಡತಿಯಂತೂ, “ನೀವು ಊಟಕ್ಕೆ ಕೂತಾಗಲೂ ಸಾರಿಗೆ ಟಿಕೆಟ್ ಇದೆಯಾ ಅಂತ ನೋಡೋ ಹಾಗೆ ನೋಡ್ತೀರಿ” ಅನ್ನುತ್ತಾಳೆ. ಅನ್ನಲಿ. ಅನುಮಾನ ಇಲ್ಲದ ಮನುಷ್ಯ ನನ್ನ ಕೆಲಸದಲ್ಲಿ ಒಂದು ವಾರ ಬಾಳುವುದಿಲ್ಲ.

ಆದರೆ ಈ ಚಾಳಿ ನನಗೆ ಬಸ್ಸಿನಿಂದ ಬಂದದ್ದಲ್ಲ, ಅಪ್ಪನಿಂದ ಬಂದದ್ದು. ಅಪ್ಪ ನಲವತ್ತೆಂಟು ವರ್ಷ ಕಾರು ರಿಪೇರಿ ಮಾಡಿದವರು. ಮನೆಯ ಕೆಳಗೇ ಗ್ಯಾರೇಜು. ಅದರ ಹಿಂದಿನ ಎರಡು ಕೋಣೆಯಲ್ಲಿ ಅಪ್ಪ ಮತ್ತು ನನ್ನ ತಂಗಿ, ಮೇಲಿನ ಮಹಡಿಯಲ್ಲಿ ನಾನು ಮತ್ತು ನನ್ನ ಹೆಂಡತಿ. ಆ ಗ್ಯಾರೇಜಿಗೆ ಒಂದು ಕಾನೂನಿತ್ತು. ಕೆಲಸ ಯಾರೇ ಮಾಡಲಿ, ಬೋಲ್ಟು ಯಾರೇ ಬಿಗಿಯಲಿ, ಗಾಡಿ ಶಟರ್ ದಾಟುವ ಮೊದಲು ಅಪ್ಪ ಬಂದು ಕೊನೆಯ ಕಾಲು ಸುತ್ತು ತಾವೇ ಹಾಕಬೇಕು. ಅಂಗಿಯ ಜೇಬಿನಲ್ಲಿ ಬೋಲ್ಟು ತಿರುಗಿಸುವ ಹನ್ನೆರಡರ ಅಳತೆಯ ಸ್ಪ್ಯಾನರು ಸದಾ ಇರುತ್ತಿತ್ತು, ಬೇರೆಯವರ ಜೇಬಿನಲ್ಲಿ ಪೆನ್ನು ಇರುವ ಹಾಗೆ. “ಇನ್ನೊಬ್ಬರ ಬಿಗಿ ನಂಬಬೇಡಿ. ನಿಮ್ಮ ಕೈದೊಂದು ಕಾಲು ಸುತ್ತು ಹಾಕಿ” ಎಂದು ನಮಗೆ ಅಕ್ಷರ ಕಲಿಸುವ ಮೊದಲೇ ಕಲಿಸಿದರು. ಹಾಗಾಗಿ ನಮ್ಮ ಮನೆಯಲ್ಲಿ ಪ್ಲಂಬರ್ ಬಂದು ನಲ್ಲಿ ಹಾಕಿ ಹೋದರೆ ಅವನು ಗೇಟು ದಾಟುವುದರೊಳಗೆ ನಾನೊಂದು ಕಾಲು ಸುತ್ತು ಹಾಕಿರುತ್ತೇನೆ. ಅಕ್ಕನನ್ನು ಮದುವೆಯಾದ ಭಾವನಿಗೂ ಈ ರೋಗ ಅಂಟಿತು. ಅವರದ್ದು ಎರಡು ಬೀದಿ ಆಚೆ ಬಿಡಿಭಾಗಗಳ ಅಂಗಡಿ.

ಈಚೆಗೆ ಅಪ್ಪನ ಕೈ ನಡುಗತೊಡಗಿತು. ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿದರೂ ತುಳುಕುತ್ತದೆ. ಗ್ಯಾರೇಜನ್ನು ಏನು ಮಾಡುವುದು ಎಂಬ ಮಾತು ಬಂತು. ಭಾವ ಒಬ್ಬ ಟೈರು ವ್ಯಾಪಾರಿಯನ್ನು ಹುಡುಕಿಕೊಂಡು ಬಂದರು. ಜಾಗ ಬಾಡಿಗೆಗೆ ಕೊಟ್ಟುಬಿಟ್ಟರೆ ತಲೆನೋವೇ ಇಲ್ಲ ಎಂದರು. ಹನ್ನೊಂದು ವರ್ಷದಿಂದ ಅಪ್ಪನ ಪಕ್ಕದಲ್ಲಿ ನಿಂತು ಗ್ರೀಸಿನಲ್ಲಿ ಕೈ ಅದ್ದುತ್ತಿದ್ದ ತಂಗಿ, “ನನಗೆ ಕೊಡಿ, ನಾನು ನಡೆಸ್ತೀನಿ” ಎಂದಳು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ತಮ್ಮ ಸ್ವಂತ ಕಾರನ್ನು, ಇಪ್ಪತ್ತೆರಡು ವರ್ಷ ಹಳೆಯದು, ಅವಳ ಮುಂದೆ ನಿಲ್ಲಿಸಿದರು.

“ಇಂಜಿನ್ ನೀನೇ ಬಿಚ್ಚು, ನೀನೇ ಕಟ್ಟು. ನಾನು ಹತ್ರ ಬರಲ್ಲ. ಆಮೇಲೆ ಒಂದು ತಿಂಗಳು ಎಲ್ಲರೂ ಓಡಿಸಿ ನೋಡ್ತಾರೆ. ಒಂದು ತೊಟ್ಟು ಎಣ್ಣೆ, ಒಂದು ತೊಟ್ಟು ನೀರು ಕೆಳಗೆ ಬೀಳಬಾರದು. ಬೀಳದಿದ್ರೆ ಬೀಗದಕೈ ನಿನ್ನದು. ಬಿದ್ರೆ ಟೈರ್‌ನವನದ್ದು.”

ಅವಳು ಹದಿನಾರು ದಿನ ತೆಗೆದುಕೊಂಡಳು. ಸಂದುಗಳನ್ನು ಮುಚ್ಚುವ ಗ್ಯಾಸ್ಕೆಟ್‌ಗಳನ್ನೆಲ್ಲ ಬದಲಾಯಿಸಿದಳು. ಇಂಜಿನ್ ತಣಿಸುವ ನೀರನ್ನು ತಿರುಗಿಸುವ ಹಳೆಯ ಪಂಪು ಸದ್ದು ಮಾಡುತ್ತಿತ್ತು. ಭಾವನ ಅಂಗಡಿಯಿಂದ ಹೊಸದು ತರಿಸಿ ಹಾಕಿದಳು. ಬೋಲ್ಟು ಬಿಗಿಯುವುದಕ್ಕೆ ಅವಳ ಹತ್ತಿರ ಒಂದು ಅಳತೆಯ ವ್ರೆಂಚು ಇದೆ. ಬೇಕಾದಷ್ಟು ಬಿಗಿಯಾದ ಕೂಡಲೇ ಅದು ಟಕ್ ಎನ್ನುತ್ತದೆ. ಅಪ್ಪ ಅದಕ್ಕೆ ‘ಹಲ್ಲಿ’ ಎಂದು ಹೆಸರಿಟ್ಟಿದ್ದರು. “ಹಲ್ಲಿ ಹೇಳಿದ್ದು ಕೇಳ್ತಾಳೆ, ಅಪ್ಪ ಹೇಳಿದ್ದು ಕೇಳಲ್ಲ.”

ತಿಂಗಳ ಮೂರನೆಯ ದಿನ ನನ್ನ ಸರದಿ ಬಂತು. ಹೆಂಡತಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಹೊರಡುವ ಮೊದಲು ಬಾನೆಟ್ ಎತ್ತಿ ಒಂದು ಸುತ್ತು ಕಣ್ಣು ಹಾಯಿಸಿದೆ. ಬೋಲ್ಟುಗಳ ತಲೆಯ ಮೇಲೆ ಕೆಂಪು ಉಗುರುಬಣ್ಣದ ಸಣ್ಣ ಗೆರೆಗಳಿದ್ದವು. ನನ್ನ ಹೆಂಡತಿ ಬಗ್ಗಿ ನೋಡಿ, “ಅಯ್ಯೋ, ತನ್ನ ಉಗುರಿಗೆ ಹಚ್ಕೊಳ್ಳೋಕೆ ಪುರುಸೊತ್ತಿಲ್ಲ, ಬೋಲ್ಟಿಗೆ ಹಚ್ಚಿದ್ದಾಳೆ!” ಎಂದು ನಕ್ಕಳು. ನಾನೂ ನಕ್ಕೆ. ನನ್ನ ಜೇಬಿನ ಹನ್ನೆರಡರ ಸ್ಪ್ಯಾನರಿನಿಂದ ಕೈಗೆ ಸಿಕ್ಕ ಬೋಲ್ಟುಗಳಿಗೆ ಒಂದೊಂದು ಕಾಲು ಸುತ್ತು ಹಾಕಿ, ಕೈ ಒರೆಸಿಕೊಂಡು, ಕಾರು ಹೊರಡಿಸಿದೆ. ನಮ್ಮಲ್ಲಿ ಅದು ಊಟಕ್ಕೆ ಮೊದಲು ಕೈ ತೊಳೆದಷ್ಟು ಸಹಜ.

ಈಗ ಇಪ್ಪತ್ತನಾಲ್ಕನೆಯ ದಿನಕ್ಕೆ ಬರೋಣ. ನೀರು ಕಂಡೆ, ಅಪ್ಪನನ್ನು ಕೂಗಿದೆ. ಅಪ್ಪ ಬಂದು ನೋಡಿದರು. ತಂಗಿ ಬಂದು ಬಾನೆಟ್ ಎತ್ತಿ ಒಳಗೆ ಬಗ್ಗಿದಳು. ಅರ್ಧ ನಿಮಿಷವೂ ಆಗಿರಲಿಲ್ಲ, ನೆಟ್ಟಗಾದಳು. ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ಕೈಯಲ್ಲಿದ್ದ ಬಟ್ಟೆಯನ್ನು ಮಡಿಚಿ ಬೆಂಚಿನ ಮೇಲಿಟ್ಟಳು.

“ಏನಮ್ಮಾ, ಏನಾದ್ರೂ ಹೇಳು” ಎಂದೆ.

“ನಾನು ಹೇಳಿದ್ರೆ ನೆಪ ಅಂತೀರಿ. ನೀವೇ ನೋಡ್ಕೊಳ್ಳಿ.”

ಅಷ್ಟೇ. ತಪ್ಪು ಮಾಡದವಳು ಇಷ್ಟು ಕಡಿಮೆ ಮಾತಾಡುತ್ತಾಳೆಯೇ? ಬಸ್ಸಿನಲ್ಲಿ ನಿಜವಾಗಿ ಟಿಕೆಟ್ ಕಳೆದುಕೊಂಡವನು ಆಕಾಶ ಭೂಮಿ ಒಂದು ಮಾಡುತ್ತಾನೆ, ಚೀಲ ಕೊಡವುತ್ತಾನೆ, ಕಂಡಕ್ಟರನನ್ನು ಸಾಕ್ಷಿಗೆ ಕರೆಯುತ್ತಾನೆ. ಸುಮ್ಮನೆ ಕೂತವನೇ ಕಳ್ಳ. ನನ್ನ ಅನುಮಾನ ಅಲ್ಲೇ ಬೇರು ಬಿಟ್ಟಿತು.

ಅಪ್ಪ ನನ್ನ ಕಡೆ ತಿರುಗಿದರು. “ಇನ್ನು ಆರು ದಿನ ಇದೆ. ಯಾಕೆ ಸೋರ್ತಿದೆ ಅಂತ ನೀನು ಕಂಡುಹಿಡಿ. ಅವಳು ಬಾನೆಟ್ ಮುಟ್ಟೋ ಹಾಗಿಲ್ಲ. ಭಾನುವಾರ ನೀನು ಏನು ಹೇಳ್ತೀಯೋ ಅದೇ ಕೊನೆ ಮಾತು.”

“ನಾನಾ?”

“ನೀನೇ. ನಿನಗೆ ಗ್ಯಾರೇಜೂ ಬೇಡ, ಟೈರ್ ಅಂಗಡಿನೂ ಬೇಡ.”

ನಿಜ. ನನಗೆ ಅದರ ಆಸೆ ಇರಲಿಲ್ಲ. ಆದರೆ ಒಂದು ಮಾತು ಮುಚ್ಚಿಡಬಾರದು. ತಂಗಿ ನನಗಿಂತ ಹದಿಮೂರು ವರ್ಷ ಚಿಕ್ಕವಳು. ನಾನು ಹದಿನೇಳಕ್ಕೆ ಆ ಗ್ಯಾರೇಜಿನಿಂದ ಅಪ್ಪನ ಬೈಗುಳ ತಾಳಲಾರದೆ ಓಡಿಹೋದವನು. ಅವಳು ತಾಳಿಕೊಂಡು ನಿಂತಳು. ನನಗೆ ಆಗದ್ದು ಅವಳಿಗೆ ಆಯಿತು ಎಂಬುದು ನನ್ನೊಳಗೆ ಸಣ್ಣ ಮುಳ್ಳಿನ ಹಾಗೆ ಇತ್ತು, ಇಷ್ಟು ವರ್ಷವೂ ಇತ್ತು.

ಅವತ್ತು ಸಂಜೆ ಡ್ಯೂಟಿ ಮುಗಿಸಿ ಬಂದು ಕೆಲಸ ಶುರುಮಾಡಿದೆ. ಕಾರಿನ ಕೆಳಗೆ ದೊಡ್ಡ ರಟ್ಟು ಹಾಸಿದೆ, ಚಕ್ರ ಎಲ್ಲಿ ಬರುತ್ತದೆ, ಬಂಪರ್ ಎಲ್ಲಿ ಬರುತ್ತದೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದೆ. ಮಂಗಳವಾರ ಬೆಳಿಗ್ಗೆ ರಟ್ಟು ಎಳೆದು ನೋಡಿದರೆ ಹನಿಗಳೆಲ್ಲ ಒಂದೇ ಕಡೆ, ಬೆಲ್ಟು ತಿರುಗುವ ಮೂಲೆಯಲ್ಲಿ. ಅಂದರೆ ರೇಡಿಯೇಟರ್ ಅಲ್ಲ. ರಬ್ಬರ್ ಪೈಪುಗಳ ಬಾಯಿಗೆಲ್ಲ ಒಣ ಕಾಗದ ಒತ್ತಿ ನೋಡಿದೆ, ಒಂದೂ ಒದ್ದೆಯಾಗಲಿಲ್ಲ. ಉಳಿದದ್ದು ಪಂಪು.

ಪಂಪಿನ ಹೊಟ್ಟೆಯ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲು ಹಳತಾಗಿ ಸವೆದರೆ ನೀರು ಆ ತೂತಿನಿಂದ ಜಿನುಗುತ್ತದೆ. ‘ನನ್ನ ಆಯಸ್ಸು ಮುಗೀತು’ ಎಂದು ಪಂಪು ತಾನೇ ಹೇಳುವ ಜಾಗ ಅದು. ಕೈ ಹಾಕಿ ತಡವಿದೆ. ಕೆಳಭಾಗವೆಲ್ಲ ಒದ್ದೆ. ನನ್ನ ಮನಸ್ಸು ಒಂದೇ ಜಿಗಿತಕ್ಕೆ ಕೊನೆ ಮುಟ್ಟಿತು. ಹೊಸ ಪಂಪು ಇಪ್ಪತ್ತನಾಲ್ಕು ದಿನಕ್ಕೆ ಸೋರುತ್ತದೆಯೇ? ಇದು ಹೊಸದೇ ಅಲ್ಲ. ಹಳೆಯದನ್ನೇ ಉಜ್ಜಿ, ತೊಳೆದು, ಮತ್ತೆ ಹಾಕಿದ್ದಾರೆ.

ಹಾಕಿದವರು ಯಾರು? ಇಬ್ಬರಲ್ಲಿ ಒಬ್ಬರು. ತಂಗಿ ಹೊಸದನ್ನು ಹಾಕದೆ ಇರಬಹುದು. ಅಥವಾ ಭಾವನೇ ಯಾರದ್ದೋ ಹಳೆಯದಕ್ಕೆ ಹೊಸ ಡಬ್ಬಿ ತೊಡಿಸಿ ಕೊಟ್ಟಿರಬಹುದು. ಅವಳು ಸೋತರೆ ಟೈರ್‌ನವನು ಗೆಲ್ಲುತ್ತಾನೆ. ಟೈರ್‌ನವನನ್ನು ಕರೆದುಕೊಂಡು ಬಂದವರು ಯಾರು? ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ.

ಬುಧವಾರ ಭಾವನ ಅಂಗಡಿಗೆ ಹೋದೆ. ಮೊದಲು ಟೀ ಕುಡಿದೆ, ಆಮೇಲೆ ಮೆಲ್ಲಗೆ ಪಂಪಿನ ಮಾತು ತೆಗೆದೆ. ಭಾವನ ಮುಖ ಕೆಂಪಾಯಿತು.

“ನನ್ನ ಮೇಲೇ ಅನುಮಾನಾನಾ? ಸೀಲ್ ಒಡೆಯದ ಡಬ್ಬಿ ಕೊಟ್ಟಿದ್ದೀನಿ ಕಣಯ್ಯಾ! ಅದನ್ನ ಅವಳು ಗಾಡಿಗೆ ಹಾಕಿದ್ಲೋ, ಕಪಾಟಿಗೆ ಹಾಕಿದ್ಲೋ ನನಗೇನು ಗೊತ್ತು? ಹಳೇ ಪಂಪ್ ಎಲ್ಲಿದೆ ಅಂತ ಕೇಳು ಅವಳನ್ನ. ಅದು ಹೊರಗೆ ಸಿಕ್ಕಿದ್ರೆ ಹೊಸದು ಒಳಗಿದೆ. ಸಿಗದಿದ್ರೆ… ನಾನ್ಯಾಕೆ ಹೇಳ್ಲಿ.”

ಮಾತು ಸರಿಯಾಗಿಯೇ ಇತ್ತು. ಆದರೆ ಹೇಳುವಾಗ ಭಾವ ನನ್ನನ್ನು ನೋಡದೆ, ಗೋಡೆಗೆ ನೇತುಹಾಕಿದ ಬೆಲ್ಟುಗಳನ್ನು ನೋಡುತ್ತಿದ್ದರು. ಅದನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಗ್ಯಾರೇಜಿನ ಮೂಲೆಯಲ್ಲಿ ಹಳೆಯ ಕಬ್ಬಿಣದ ಪೀಪಾಯಿ ಇದೆ. ಗುರುವಾರ ಅದನ್ನು ಬೋರಲು ಹಾಕಿ ಹುಡುಕಿದೆ. ಸವೆದ ಬ್ರೇಕುಗಳು, ಮುರಿದ ಸ್ಪ್ರಿಂಗು, ಯಾವ ಕಾಲದ್ದೋ ಒಂದು ಹಾರ್ನು. ಪಂಪು ಇರಲಿಲ್ಲ. ತಂಗಿ ಬೇರೊಂದು ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದಳು. ಕಾಲು ಮಾತ್ರ ಕಾಣುತ್ತಿತ್ತು. ಆ ಕಾಲುಗಳನ್ನೇ ಕೇಳಿದೆ.

“ಹಳೇ ಪಂಪ್ ಎಲ್ಲಿ?”

“ಬಿಚ್ಚಿದ ಹಳೇ ಸಾಮಾನು ಗಾಡಿ ಯಜಮಾನರದ್ದು. ಹೊಸದರ ಡಬ್ಬಿಯಲ್ಲೇ ಹಾಕಿ ಡಿಕ್ಕಿಯಲ್ಲಿ ಇಟ್ಟಿದ್ದೀನಿ. ಈ ಗ್ಯಾರೇಜಲ್ಲಿ ಯಾವತ್ತೂ ಹಾಗೇ ಅಲ್ವಾ?”

ಡಿಕ್ಕಿ ತೆರೆದೆ. ಸ್ಟೆಪ್ನಿ ಚಕ್ರ, ಜ್ಯಾಕು, ಒಂದು ಹರಿದ ಕೊಡೆ. ಡಬ್ಬಿಯೂ ಇಲ್ಲ, ಪಂಪೂ ಇಲ್ಲ.

“ಡಿಕ್ಕಿಯಲ್ಲಿ ಇಲ್ಲವಲ್ಲ?”

ಕೆಳಗೆ ಕೆಲಸದ ಸದ್ದು ನಿಂತಿತು. “ಹಾಗಾದ್ರೆ ಯಾರೋ ತಗೊಂಡಿದ್ದಾರೆ” ಎಂದಳು.

“ಹಳೇ ಪಂಪ್ ಯಾರಿಗೆ ಬೇಕು? ಅದೇನು ಚಿನ್ನದ ಬಳೆನಾ?”

“ನನ್ನನ್ನ ನಂಬದವರಿಗೆ ಬೇಕು ಅಣ್ಣಾ.”

ನನಗೆ ಸಿಟ್ಟು ನೆತ್ತಿಗೇರಿತು. ತಪ್ಪೂ ಮಾಡುವುದು, ಮೇಲೆ ಚುಚ್ಚು ಮಾತು ಬೇರೆ! ಮಹಡಿ ಹತ್ತಿ ಹೋಗಿ ಹೆಂಡತಿಯ ಮುಂದೆ ಕೂಗಾಡಿದೆ. “ಭಾನುವಾರ ಬರಲಿ. ಹಳೇ ಪಂಪನ್ನೇ ಹಾಕಿದ್ದಾಳೆ ಅಂತ ಅಪ್ಪನ ಮುಂದೆ ಹೇಳಿಬಿಡ್ತೀನಿ. ನನ್ನ ತಂಗಿ ಅಂತ ಬಿಡ್ತೀನಾ?”

ಹೆಂಡತಿ ತಲೆಗೂದಲು ಬಾಚಿಕೊಳ್ಳುತ್ತಿದ್ದಳು. “ಕಣ್ಣಾರೆ ಕಂಡ್ರಾ?”

“ಕಾಣೋದೇನು? ಒದ್ದೆ ಇದೆ!”

“ಒದ್ದೆ ಇರೋದು ಕಂಡ್ರಿ. ಎಲ್ಲಿಂದ ಅಂತ ಕಂಡ್ರಾ? ಬಸ್ಸಲ್ಲಾದ್ರೂ ಟಿಕೆಟ್ ಕೇಳಿ ಆಮೇಲೆ ದಂಡ ಹಾಕ್ತೀರಿ. ಮನೆಯಲ್ಲಿ ಕೇಳೋ ಮೊದಲೇ ಹಾಕಿಬಿಡ್ತೀರಿ.” ಮೇಜಿನ ಮೇಲಿದ್ದ ಪೌಡರ್ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. “ಮಾವ ಹಿಂದೆ ಇದನ್ನೇ ಉದುರಿಸ್ತಿದ್ರಲ್ಲ, ಎಲ್ಲಿ ಸೋರ್ತಿದೆ ಅಂತ ನೋಡೋಕೆ. ತಗೊಂಡು ಹೋಗಿ. ಖಾಲಿ ಮಾಡಬೇಡಿ.”

ಹೆಂಡತಿಯ ಮಾತು ಸರಿ ಅನ್ನಿಸಿದಾಗ ನಾನು ಸ್ನಾನಕ್ಕೆ ಹೋಗುತ್ತೇನೆ. ಹೋದೆ.

ಶುಕ್ರವಾರ ನನಗೆ ರಜೆ. ಬೆಳಿಗ್ಗೆ ಅಪ್ಪ ಹಿತ್ತಲಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದರು. ಟಾರ್ಚು ಬೇಕಾಗಿತ್ತು, ಅದು ಅಪ್ಪನ ಮಂಚದ ಕೆಳಗಿನ ಟ್ರಂಕಿನ ಪಕ್ಕ ಇರುತ್ತದೆ. ಬಗ್ಗಿ ಕೈ ಹಾಕಿದೆ. ಟಾರ್ಚಿಗೆ ಬದಲು ರಟ್ಟಿನ ಡಬ್ಬಿಯೊಂದು ಕೈಗೆ ತಗುಲಿತು. ಎಳೆದೆ. ಹೊಸ ಪಂಪಿನ ಡಬ್ಬಿ. ಒಳಗೆ ಅಪ್ಪನ ಹಳೆಯ ಟವೆಲಿನಲ್ಲಿ ಸುತ್ತಿದ ಹಳೆಯ ಪಂಪು. ತುಕ್ಕು ಹಿಡಿದಿತ್ತು, ಅಕ್ಷ ಅಲುಗಾಡುತ್ತಿತ್ತು, ಬೆರಳಿನಲ್ಲಿ ತಿರುಗಿಸಿದರೆ ಕಟಕಟ ಎನ್ನುತ್ತಿತ್ತು.

ಅಂದರೆ ಗಾಡಿಯಲ್ಲಿರುವುದು ಹೊಸದೇ. ತಂಗಿ ಸುಳ್ಳು ಹೇಳಿಲ್ಲ, ಭಾವ ಸುಳ್ಳು ಹೇಳಿಲ್ಲ. ‘ಹತ್ರ ಬರಲ್ಲ’ ಎಂದಿದ್ದ ಅಪ್ಪ ಯಾರೂ ಇಲ್ಲದಾಗ ಹೋಗಿ ಡಿಕ್ಕಿ ತೆರೆದು, ಇದನ್ನು ತಂದು, ಅವಳು ನಿಜವಾಗಿಯೂ ಬದಲಾಯಿಸಿದಳೇ ಎಂದು ಪರೀಕ್ಷೆ ಮಾಡಿ, ಮಂಚದ ಕೆಳಗೆ ಬಚ್ಚಿಟ್ಟಿದ್ದರು. ನಾಲ್ಕು ದಿನದಿಂದ ನಾನು ಅವಳನ್ನು ಕಳ್ಳಿಯ ಹಾಗೆ ವಿಚಾರಣೆ ಮಾಡುವುದನ್ನು ನೋಡಿಯೂ ಬಾಯಿ ಬಿಟ್ಟಿರಲಿಲ್ಲ. ಹೇಗೆ ಬಿಟ್ಟಾರು? ಬಿಟ್ಟರೆ ತಾವು ಕದ್ದು ನೋಡಿದ್ದು ಹೊರಬೀಳುತ್ತದಲ್ಲ.

ಡಬ್ಬಿಯನ್ನು ಇದ್ದಲ್ಲೇ ಇಟ್ಟು, ಪೌಡರ್ ತೆಗೆದುಕೊಂಡು ಕಾರಿನ ಹತ್ತಿರ ಹೋದೆ. ಈ ಸಲ ತಾಳ್ಮೆಯಿಂದ. ಪಂಪಿನ ಸುತ್ತ ನೀರು ಹೊಡೆದು ತೊಳೆದೆ, ಬಟ್ಟೆಯಲ್ಲಿ ಒರೆಸಿದೆ, ಪೂರ್ತಿ ಒಣಗುವ ತನಕ ಕಾದೆ, ಪೌಡರ್ ಉದುರಿಸಿದೆ. ಇಂಜಿನ್ ಶುರುಮಾಡಿ, ಬಿಸಿಯಾದ ಮೇಲೆ ಆಫ್ ಮಾಡಿದೆ. ನೆಲದ ಮೇಲೆ ಮಲಗಿ ಕ್ಷೌರದ ಕನ್ನಡಿಯನ್ನು ಪಂಪಿನ ಕೆಳಗೆ ಹಿಡಿದೆ.

ಸೀಲಿನ ಆ ಸಣ್ಣ ತೂತಿನ ಸುತ್ತ ಪೌಡರ್ ಹಾಗೇ ಬೆಳ್ಳಗೆ, ಒಣಗಿ ಕೂತಿತ್ತು. ಒಂದು ಹನಿಯೂ ಅಲ್ಲಿಂದ ಬಂದಿರಲಿಲ್ಲ. ಹಸಿರು ಗೆರೆ ಶುರುವಾಗಿದ್ದು ಬೇರೆ ಕಡೆ: ಪಂಪು ಇಂಜಿನ್ನಿಗೆ ಅಂಟಿಕೊಳ್ಳುವ ಸಂದಿನಲ್ಲಿ, ಕೆಳಗಿನ ಅಂಚಿನಲ್ಲಿ. ಅಲ್ಲಿ ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು. ಪಂಪು ಚೆನ್ನಾಗಿಯೇ ಇತ್ತು. ಅದು ಕೂತ ರೀತಿ ಓರೆಯಾಗಿತ್ತು.

ಪಂಪಿಗೆ ನಾಲ್ಕು ಬೋಲ್ಟು. ಕೆಳಗಿನ ಎರಡನ್ನು ಮುಟ್ಟಬೇಕಾದರೆ ಚಕ್ರ ಬಿಚ್ಚಬೇಕು. ಕನ್ನಡಿಯಲ್ಲಿ ಅವುಗಳನ್ನು ನೋಡಿದೆ. ಉಗುರುಬಣ್ಣದ ಕೆಂಪು ಗೆರೆ ಬೋಲ್ಟಿನ ತಲೆಯ ಮೇಲಿಂದ ಹೊರಟು ನೇರವಾಗಿ ಪಂಪಿನ ಮೈಮೇಲೆ ಇಳಿದಿತ್ತು, ಒಂದೇ ಗೆರೆ, ಎಲ್ಲೂ ಮುರಿದಿಲ್ಲ. ಎದ್ದು ನಿಂತು ಮೇಲಿನ ಎರಡನ್ನು ನೋಡಿದೆ. ಅವು ಬಾನೆಟ್ ಎತ್ತಿದ ಕೂಡಲೇ ಕೈಗೆ ಸಿಗುವಂಥವು. ಅಲ್ಲಿ ಪಂಪಿನ ಮೈಮೇಲಿನ ಗೆರೆ ಒಂದು ಕಡೆ, ಬೋಲ್ಟಿನ ತಲೆಯ ಗೆರೆ ಇನ್ನೊಂದು ಕಡೆ.

ಆಗ ಅರ್ಥವಾಯಿತು ನನಗೆ, ಆ ಬಣ್ಣ ಯಾಕೆ ಎಂದು. ಹಲ್ಲಿ ಟಕ್ ಎಂದ ಮೇಲೆ ಅವಳು ಒಂದೊಂದು ಬೋಲ್ಟಿಗೂ ಟಿಕೆಟ್ ಕೊಟ್ಟಿದ್ದಳು. ಆಮೇಲೆ ಯಾರು ಮುಟ್ಟಿದರೂ ಗೆರೆ ತಪ್ಪುತ್ತದೆ. ಸೋಮವಾರ ಬೆಳಿಗ್ಗೆ ಅರ್ಧ ನಿಮಿಷದಲ್ಲಿ ಅವಳು ನೋಡಿದ್ದು ಇದನ್ನೇ.

ಬೋಲ್ಟು ಮುಂದಕ್ಕೆ ಎಷ್ಟು ತಿರುಗಿದೆ ಎಂದು ಎಣಿಸಿದೆ. ಕಾಲು, ಅರ್ಧ, ಮುಕ್ಕಾಲು. ಮೇಲಿನ ಎರಡೂ ಮುಕ್ಕಾಲು ಸುತ್ತು. ಮೇಲ್ಭಾಗವನ್ನು ಮಾತ್ರ ಅಷ್ಟು ಹಿಂಡಿದರೆ ಕೆಳಭಾಗ ಬಾಯಿ ಬಿಡದೆ ಇನ್ನೇನು ಮಾಡೀತು? ನಾನು ಹಾಕಿದ್ದು ಕಾಲು. ಕಾಲೇ ಹಾಕಿದ್ದು. ಉಳಿದ ಅರ್ಧ?

ತಾನು ಕಳ್ಳ, ಪರರನ್ನು ನಂಬ ಎಂದು ಗಾದೆ ಮಾಡಿದವನು ನನ್ನನ್ನೇ ನೋಡಿ ಮಾಡಿದನೋ ಏನೋ.

ಎರಡು ದಿನ ನನಗೆ ಅನ್ನ ರುಚಿಸಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾಗೆ ಏನಾದರೂ ಹೇಳಬಹುದೇ ಎಂದು ಯೋಚಿಸಿದೆ. ‘ಗ್ಯಾಸ್ಕೆಟ್ ಕಂಪನಿಯ ದೋಷ’ ಅಂದುಬಿಟ್ಟರೆ? ಯಾರಿಗೂ ನೋವಿಲ್ಲ. ಆದರೆ ನೀರು ಬಿದ್ದದ್ದು ಬಿದ್ದದ್ದೇ; ಅಪ್ಪ ತಮ್ಮ ಮಾತಿನಂತೆ ಬೀಗದಕೈಯನ್ನು ಟೈರ್‌ನವನಿಗೆ ಕೊಡುತ್ತಾರೆ. ನನ್ನ ಮಾನ ಉಳಿಯುತ್ತದೆ, ಅವಳ ಹನ್ನೊಂದು ವರ್ಷ ಹೋಗುತ್ತದೆ.

ಭಾನುವಾರ ಹತ್ತು ಗಂಟೆಗೆ ಎಲ್ಲರೂ ಗ್ಯಾರೇಜಿನಲ್ಲಿ ಸೇರಿದೆವು. ಅಪ್ಪ ಸ್ಟೂಲಿನ ಮೇಲೆ. ಬೀಗದಕೈ ಗೊಂಚಲು ಬೆಂಚಿನ ಮೇಲೆ. ಭಾವ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ನನ್ನ ಹೆಂಡತಿ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ತಂಗಿ ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು.

“ಹೇಳು” ಎಂದರು ಅಪ್ಪ.

“ಪಂಪ್ ಹೊಸದೇ. ಸೀಲೂ ಚೆನ್ನಾಗಿದೆ. ಕೂರಿಸಿರೋ ಸಂದಿಯಲ್ಲಿ ಸೋರ್ತಿದೆ.”

ಭಾವ ತಟ್ಟನೆ ಮುಂದೆ ಬಂದು ಬಾನೆಟ್ಟಿನೊಳಗೆ ಬಗ್ಗಿದರು. “ಅಂದ್ರೆ ಬಿಗಿ ಸಾಲ್ದು ಅಂತಾಯ್ತು! ಇಲ್ಲಿ ನೋಡಿ ಮಾವ, ಗೆರೆ ಹಿಂದಕ್ಕೆ ಸರಿದಿದೆ. ಕಾಲು ಸುತ್ತು ಬಿಚ್ಕೊಂಡಿದೆ ಬೋಲ್ಟು. ನಾನು ಮೊದಲೇ ಹೇಳಿರಲಿಲ್ವಾ?”

ಅಯ್ಯೋ ದೇವರೇ. ಅದು ನನಗೆ ಹೊಳೆದೇ ಇರಲಿಲ್ಲ. ಮುಂದಕ್ಕೆ ಮುಕ್ಕಾಲು ಸುತ್ತು ಹೋದ ಗೆರೆಯೂ ಹಿಂದಕ್ಕೆ ಕಾಲು ಸುತ್ತು ಬಂದ ಗೆರೆಯೂ ನಿಲ್ಲುವುದು ಒಂದೇ ಜಾಗದಲ್ಲಿ! ನಾನು ಸುಮ್ಮನೆ ‘ಹೌದು’ ಅಂದರೆ ಸಾಕಿತ್ತು. ಕಥೆ ಅಲ್ಲೇ ಮುಗಿಯುತ್ತಿತ್ತು, ನನ್ನ ಕೈ ಸ್ವಚ್ಛವಾಗಿರುತ್ತಿತ್ತು. ತಂಗಿ ನನ್ನನ್ನು ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವೂ ಅಲ್ಲ, ಹೆದರಿಸುವ ನೋಟವೂ ಅಲ್ಲ. ನಾನು ಏನು ಹೇಳುತ್ತೇನೆಂದು ಗೊತ್ತಿದ್ದವಳ ಹಾಗೆ, ಆಗಲೇ ಸೋತವಳ ಹಾಗೆ ನೋಡುತ್ತಿದ್ದಳು.

ಜೇಬಿನಿಂದ ಹನ್ನೆರಡರ ಸ್ಪ್ಯಾನರು ತೆಗೆದು ಭಾವನ ಕೈಗೆ ಕೊಟ್ಟೆ. “ಬಿಚ್ಕೊಂಡಿದ್ರೆ ಸುಲಭವಾಗಿ ಬರಬೇಕಲ್ಲ ಭಾವ. ತಿರುಗಿಸಿ ನೋಡೋಣ.”

ಭಾವ ತಿರುಗಿಸಿದರು. ಅಲುಗಲಿಲ್ಲ. ಇಸ್ತ್ರಿ ಅಂಗಿಯ ತೋಳು ಮಡಿಚಿ ಮತ್ತೆ ಎಳೆದರು. ಮುಖದ ನರ ಉಬ್ಬಿತು. ಬೋಲ್ಟು ಒಮ್ಮೆ ಕಿರ್ ಎಂದು ಅಲ್ಲೇ ನಿಂತಿತು.

“ಹಿಂದಕ್ಕೆ ಕಾಲಲ್ಲ ಭಾವ, ಮುಂದಕ್ಕೆ ಮುಕ್ಕಾಲು” ಎಂದೆ. “ಅದರಲ್ಲಿ ಒಂದು ಕಾಲು ನನ್ನದು. ಮೂರನೇ ದಿನ, ಕಣ್ಣಾಸ್ಪತ್ರೆಗೆ ಹೋಗೋ ಮೊದಲು ಹಾಕಿದೆ. ಅವಳು ಬಿಗಿದಿದ್ದು ಸರಿಯಾಗೇ ಇತ್ತು. ಹಾಳು ಮಾಡಿದ್ದು ನಾನು. ಉಳಿದ ಅರ್ಧ ಯಾರದ್ದು ಅಂತ ನನಗೆ ಗೊತ್ತಿಲ್ಲ.”

ಭಾವನ ಎಡಗೈ ತನ್ನಷ್ಟಕ್ಕೆ ಪ್ಯಾಂಟಿನ ಜೇಬಿನ ಮೇಲೆ ಹೋಗಿ ಕೂತಿತು. ಮೆಟ್ಟಿಲ ಮೇಲಿಂದ ನನ್ನ ಹೆಂಡತಿ, “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ” ಎಂದಳು, ಯಾರಿಗೂ ಅಲ್ಲ ಎಂಬಂತೆ.

“ಸುಮ್ನೆ… ಎರಡನೇ ವಾರ…” ಭಾವ ತೊದಲಿದರು. “ಮದುವೆಗೆ ಹೋಗೋ ದಿನ. ದೂರದ ದಾರಿ ಅಂತ ಒಂದೇ ಒಂದು ಕಾಲು… ಕೆಟ್ಟ ಮನಸ್ಸಿಂದ ಅಲ್ಲಪ್ಪಾ, ಆಣೆಗೂ ಅಲ್ಲ. ಅಭ್ಯಾಸ.”

ಇನ್ನೊಂದು ಕಾಲು ಉಳಿಯಿತು. ಅದನ್ನು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಕೇಳಬೇಕಾಗಿಯೂ ಬರಲಿಲ್ಲ.

“ಹೋದ ಭಾನುವಾರ ಮಧ್ಯಾಹ್ನ” ಎಂದರು ಅಪ್ಪ, ನೆಲ ನೋಡುತ್ತಾ. “ನೀವೆಲ್ಲ ಊಟ ಮಾಡಿ ಮಲಗಿದ್ರಿ. ಕೈಲಾಗಲಿಲ್ಲ. ಸ್ಪ್ಯಾನರ್ ಎರಡು ಸಲ ಕೆಳಗೆ ಬಿತ್ತು. ಎರಡೂ ಕೈ ಹಾಕಿ, ಮೈಭಾರ ಬಿಟ್ಟು ಎಳೆದೆ.”

ಮಾರನೆಯ ಬೆಳಿಗ್ಗೆ ನೀರು ಬಿದ್ದಿತ್ತು.

ತಂಗಿ ಗೋಡೆ ಬಿಟ್ಟು ಮುಂದೆ ಬಂದಳು. ನಾನು ಅವಳು ಕೂಗುತ್ತಾಳೆ ಅಂದುಕೊಂಡೆ, ಅವಳು ಕೂಗಲಿಲ್ಲ. “ಹನ್ನೊಂದು ವರ್ಷ ಅಪ್ಪಾ. ನಾನು ಬಿಗಿದ ಒಂದೊಂದು ಬೋಲ್ಟನ್ನೂ ನನ್ನ ಹಿಂದೆ ಬಂದು ತಿರುಗಿಸಿದ್ದೀರಿ. ಒಂದು ಸಲ, ಒಂದೇ ಒಂದು ಸಲ ಸಡಿಲ ಸಿಕ್ಕಿತ್ತಾ?”

ಅಪ್ಪ ತಲೆ ಎತ್ತಿ ಅವಳನ್ನು ನೋಡಿದರು.

“ಇಲ್ಲ.”

“ಯಾವತ್ತೂ ಹೇಳಲಿಲ್ವಲ್ಲ.”

“ಹೇಳಲಿಲ್ಲ” ಎಂದರು ಅಪ್ಪ. ಬೆಂಚಿನ ಮೇಲಿದ್ದ ಬೀಗದಕೈ ಗೊಂಚಲು ಎತ್ತಿ ಅವಳ ಕಡೆ ಚಾಚಿದರು. ಗೊಂಚಲು ಗಲಗಲ ಸದ್ದು ಮಾಡಿತು.

ಅವಳು ತೆಗೆದುಕೊಳ್ಳಲಿಲ್ಲ. ಎರಡೂ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. “ಬೀಗದಕೈ ಆಮೇಲೆ. ಮೊದಲು ಸ್ಪ್ಯಾನರ್ ಕೊಡಿ. ಮೂರೂ ಜನ.”

ಭಾವ ಕೈಯಲ್ಲಿದ್ದ ನನ್ನದನ್ನೂ ಜೇಬಿನಲ್ಲಿದ್ದ ತಮ್ಮದನ್ನೂ ಬೆಂಚಿನ ಮೇಲಿಟ್ಟರು. ಅಪ್ಪ ಅಂಗಿಯ ಜೇಬಿಗೆ ಕೈ ಹಾಕಿದರು. ನಲವತ್ತೆಂಟು ವರ್ಷ ಅಲ್ಲೇ ಇದ್ದ ಸ್ಪ್ಯಾನರು. ಅದರ ಭಾರಕ್ಕೆ ಅವರ ಎಲ್ಲ ಅಂಗಿಗಳ ಜೇಬೂ ಜೋತುಬಿದ್ದಿವೆ. ನಡುಗುವ ಬೆರಳಿಗೆ ಅದು ಸಿಗಲಿಲ್ಲ. ತಂಗಿ ಸಹಾಯಕ್ಕೆ ಹೋಗಲಿಲ್ಲ, ನಾವೂ ಹೋಗಲಿಲ್ಲ. ಕೊನೆಗೆ ಅವರೇ ತೆಗೆದು ಅವಳ ಅಂಗೈ ಮೇಲಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಅವಳು ಚಕ್ರ ಬಿಚ್ಚಿ, ಪಂಪು ಇಳಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದ್ದಳು. ನಾನು ಟಾರ್ಚು ಹಿಡಿದು ನಿಂತಿದ್ದೆ. ಹಲ್ಲಿ ನಾಲ್ಕು ಸಲ ಟಕ್ ಎಂದಿತು. ನಾಲ್ಕನೆಯದಕ್ಕೆ ಅಪ್ಪ ಸ್ಟೂಲಿನಿಂದ ಅರ್ಧ ಎದ್ದರು. ಕೈ ಜೇಬಿಗೆ ಹೋಯಿತು, ಬರಿದಾದ ಜೇಬನ್ನು ಒಮ್ಮೆ ಸವರಿತು. ಆಮೇಲೆ ಅವರು ಮತ್ತೆ ಕೂತರು. ಉಗುರುಬಣ್ಣದ ಶೀಶೆ ಅವರ ಪಕ್ಕದಲ್ಲೇ ಇತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಅವಳಿಗೆ ಕೊಟ್ಟರು.